ತಾಮ್ರದ ಮೇಲೆ ಕಟ್ಟಿದ ವಾಸ್ತುಶಿಲ್ಪಿ

ಮಾನ್ಯರೇ,

ಹದಿನೆಂಟನೆಯ ಶತಮಾನದ ಇಟಲಿಯ ಚಿತ್ರಕಾರ ಪಿರಾನೇಸಿಯ ‘ಸೆರೆಮನೆ’ ಚಿತ್ರಗಳನ್ನು ನೋಡಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇಂಥ ಸೆರೆಮನೆಗಳು ರೋಮಿನಲ್ಲಿ ಎಲ್ಲಿದ್ದವು? ಏನನ್ನೂ ಕಟ್ಟದೆ ಬರೀ ಚಿತ್ರ ಅಚ್ಚು ಹಾಕಿದವನನ್ನು ವಾಸ್ತುಶಿಲ್ಪಿ ಎನ್ನಬಹುದೇ?

ಎಲ್ಲಿಯೂ ಇರಲಿಲ್ಲ, ಅವು ಅಪ್ಪಟ ಕಲ್ಪನೆ. ಎರಡನೆಯ ಪ್ರಶ್ನೆಗೆ ಮಾತ್ರ ಸಾವಧಾನವಾಗಿ ಉತ್ತರಿಸಬೇಕು.

ಜೊವಾನ್ನಿ ಬಾಟಿಸ್ಟಾ ಪಿರಾನೇಸಿ 1720ರಲ್ಲಿ ವೆನಿಸ್ ಸೀಮೆಯಲ್ಲಿ ಹುಟ್ಟಿದ. ತಂದೆ ಕಲ್ಲುಕೆಲಸದವರು, ಸೋದರಮಾವ ಜಲಕಾಮಗಾರಿಗಳ ಎಂಜಿನಿಯರ್. 1740ರಲ್ಲಿ ವೆನಿಸ್ ರಾಯಭಾರಿಯ ಪರಿವಾರದೊಂದಿಗೆ ರೋಮಿಗೆ ಬಂದು, ಕಲಾವಿದ ಜುಸೆಪ್ಪೆ ವಾಸಿಯ ಬಳಿ ಎಚ್ಚಿಂಗ್, ಅಂದರೆ ತಾಮ್ರದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಚಿತ್ರ ಅಚ್ಚು ಹಾಕುವ ಕಲೆ, ಕಲಿತ. 1743ರ ಮೊದಲ ಸಂಪುಟದಲ್ಲೇ ಹೆಸರಿನ ಜೊತೆ ‘ವೆನಿಸ್‌ನ ವಾಸ್ತುಶಿಲ್ಪಿ’ ಎಂದು ಹಾಕಿಕೊಂಡ. ಅದು ಬಡಾಯಿಯಲ್ಲ ಎನ್ನುವುದಕ್ಕೆ 1756ರ ‘ರೋಮನ್ ಪ್ರಾಚೀನಾವಶೇಷಗಳು’ ಎಂಬ ನಾಲ್ಕು ಸಂಪುಟಗಳೇ ಸಾಕ್ಷಿ. ರೋಮಿನ ಪುರಾತನ ಹೆದ್ದಾರಿಯಾದ ಅಪ್ಪಿಯನ್ ದಾರಿಯಲ್ಲಿರುವ, ಚೆಚೀಲಿಯಾ ಮೆಟೆಲ್ಲಾ ಎಂಬ ಪ್ರಾಚೀನ ರೋಮನ್ ಮಹಿಳೆಯ ಗೋರಿಗೆ ಭಾರಿ ಕಲ್ಲುಗಳನ್ನು ಹೇಗೆ ಎತ್ತಿರಬೇಕೆಂದು ಆತ ಸಲಕರಣೆಗಳ ಸಮೇತ ಬಿಡಿಸಿದ್ದಾನೆ; ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಸಮಾಧಿಯ ಅಡಿಪಾಯವನ್ನೂ ಬಿಟ್ಟಿಲ್ಲ. ಕಲ್ಲಿನ ಭಾರ ಬಲ್ಲವನಿಗಲ್ಲದೆ ಇಂಥದ್ದು ಹೊಳೆಯುವುದಿಲ್ಲ.

ಏನನ್ನೂ ಕಟ್ಟಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ರೋಮಿನ ಅವೆಂಟೈನ್ ಗುಡ್ಡದ ಸಾಂತಾ ಮರಿಯಾ ಚರ್ಚನ್ನು 1764ರಿಂದ 1766ರವರೆಗೆ ನವೀಕರಿಸಿದವನು ಆತನೇ. 1778ರಲ್ಲಿ ತೀರಿಕೊಂಡ ಆತನ ಗೋರಿ ಇರುವುದೂ ಅಲ್ಲಿಯೇ.

ಆದರೆ ನನ್ನ ಮಟ್ಟಿಗೆ ಆತನ ನಿಜವಾದ ಕಟ್ಟಡಗಳಿರುವುದು ತಾಮ್ರದ ತಗಡಿನ ಮೇಲೆ. ತಗಡಿಗೆ ಆಮ್ಲ ತಾಗದಂತೆ ಮೇಣದ ಲೇಪ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಬೇಕು. ಗೀರು ತೆರೆದಲ್ಲೆಲ್ಲ ಆಮ್ಲ ತಾಮ್ರವನ್ನು ತಿನ್ನುತ್ತದೆ. ತಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ವಾರ್ನಿಷ್‌ನಿಂದ ಮುಚ್ಚಿ ಮತ್ತೆ ಅದ್ದಿದರೆ ಉಳಿದವು ಇನ್ನೂ ಆಳವಾಗುತ್ತವೆ. ಆಳ ಹೆಚ್ಚಿದಷ್ಟೂ ಶಾಯಿ ಹೆಚ್ಚು ನಿಂತು ಅಚ್ಚಿನಲ್ಲಿ ಕಪ್ಪು ಗಾಢವಾಗುತ್ತದೆ. ಆತನ ಕಮಾನುಗಳ ಕೆಳಗಿನ ಕತ್ತಲೆ ಹುಟ್ಟುವುದು ಹೀಗೆ.

1750ರ ಆಸುಪಾಸಿನಲ್ಲಿ ಹೊರಬಂದ ‘ಸೆರೆಮನೆ’ಯ ಹದಿನಾಲ್ಕು ಚಿತ್ರಗಳಲ್ಲಿ ಗೆರೆ ಹಗುರ, ಬೆಳಕು ಧಾರಾಳ. 1761ರಲ್ಲಿ ಅವೇ ತಗಡುಗಳನ್ನು ಮತ್ತೆ ಕೈಗೆತ್ತಿಕೊಂಡು, ಹೊಸದಾಗಿ ಎರಡನ್ನು ಸೇರಿಸಿ, ಉಳಿದವುಗಳಲ್ಲಿ ಮೆಟ್ಟಿಲು, ಸೇತುವೆ, ಹಗ್ಗಗಳನ್ನು ಹೆಚ್ಚಿಸಿದ. ಮೊದಲ ಮುದ್ರಣದಲ್ಲಿ ಗೋಡೆಯಿಂದ ಗೋಡೆಗೆ ಕಣ್ಣು ಸಲೀಸಾಗಿ ಹೋಗುತ್ತದೆ. ಎರಡನೆಯದರಲ್ಲಿ ಒಂದು ಮೆಟ್ಟಿಲಸಾಲು ಹಿಡಿದು ಹೊರಟರೆ ಅದು ಇನ್ನೊಂದು ಸೇತುವೆಗೆ ಒಯ್ದು ಅಲ್ಲೇ ಕೈಬಿಡುತ್ತದೆ. ಸಾಧ್ಯವಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಮತ್ತೆ ಬರೆಯಿರಿ.

— ಸಂಪಾದಕ