‘ಸ್ಪಿರಿಟೆಡ್ ಅವೇ’ ಚಿತ್ರದ ಒಳಾರ್ಥವೇನು?

ಹಯಾವೊ ಮಿಯಾಝಾಕಿಯವರ ಈ ಜಪಾನಿ ಅನಿಮೇಷನ್ ಚಿತ್ರದಲ್ಲಿ (2001) ಬರುವ ದೇವತೆಗಳ ಸ್ನಾನಗೃಹ ವೇಶ್ಯಾಗೃಹದ ರೂಪಕವೇ, ನಾಯಕಿ, ಹತ್ತು ವರ್ಷದ ಚಿಹಿರೊಳ ತಂದೆತಾಯಿ ಹಂದಿಗಳಾಗುವುದರ ಅರ್ಥವೇನು ಎಂದು ತಾವು ಕೇಳಿದ್ದೀರಿ.

ಮೊದಲನೆಯ ವಾದ ಬುಡವಿಲ್ಲದ್ದಲ್ಲ. ಎದೋ ಕಾಲದ (1603–1868) ಜಪಾನಿನ ಕೆಲವು ಸ್ನಾನಗೃಹಗಳಲ್ಲಿ ‘ಯುನಾ’ ಎಂಬ ಪರಿಚಾರಿಕೆಯರಿಂದ ಆ ವೃತ್ತಿ ನಡೆಯುತ್ತಿತ್ತು. ಆದರೂ ಗೆಳೆಯರ ಹತ್ತು ವರ್ಷದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಚಿತ್ರವನ್ನು ಆ ಒಂದೇ ಕೀಲಿಯಿಂದ ತೆರೆಯಹೊರಟರೆ ಉಳಿದ ಬಾಗಿಲುಗಳು ಮುಚ್ಚಿಯೇ ಇರುತ್ತವೆ ಎಂಬುದು ನನ್ನ ಅಭಿಪ್ರಾಯ.

ಹಂದಿಗಳ ವಿಷಯವನ್ನು ಚಿತ್ರವೇ ಹೆಚ್ಚುಕಡಿಮೆ ಬಿಡಿಸಿ ಹೇಳುತ್ತದೆ. ಪಾಳುಬಿದ್ದ ಆ ಜಾಗವನ್ನು ಕಂಡ ತಂದೆ, 1990ರ ಸುಮಾರಿಗೆ ಎಲ್ಲೆಡೆ ತಲೆಯೆತ್ತಿ, ಜಪಾನಿನ ಆರ್ಥಿಕ ಗುಳ್ಳೆ (ಹುಸಿ ಏರಿಕೆ) ಒಡೆದಾಗ ಮುಳುಗಿಹೋದ ಮನರಂಜನಾ ಪಾರ್ಕುಗಳಲ್ಲಿ ಇದೂ ಒಂದು ಎನ್ನುತ್ತಾನೆ. ಮರುಗಳಿಗೆಯಲ್ಲೇ, ತನ್ನ ಬಳಿ ನಗದೂ ಕ್ರೆಡಿಟ್ ಕಾರ್ಡೂ ಇವೆಯೆಂಬ ಧೈರ್ಯದ ಮೇಲೆ, ಯಾರೂ ಬಡಿಸದ ಊಟಕ್ಕೆ ಕೈಹಾಕಿ ಹಂದಿಯಾಗುತ್ತಾನೆ. ಸ್ನಾನಗೃಹಕ್ಕೆ ಬರುವ ಮುಖವಿಲ್ಲದ ಭೂತ ಹಂಚುವ ಚಿನ್ನ ಕೊನೆಗೆ ಮಣ್ಣಾಗುವುದೂ ಇದೇ ಎಳೆಯ ಮುಂದುವರಿಕೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆಯೊಡ್ಡುವ ಮುನ್ನ ಬಳ್ಳಾರಿಯಲ್ಲಿ ಕೆಂಪು ಮಣ್ಣೇ ಚಿನ್ನವಾಗಿದ್ದ ದಿನಗಳನ್ನು ಕಂಡ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಹೆಸರು ಮತ್ತು ನದಿಗಳ ನಂಟು. ಸ್ನಾನಗೃಹದ ಒಡತಿ ಯುಬಾಬಾ ಕೆಲಸದ ಕರಾರಿಗೆ ಸಹಿ ಹಾಕಿಸಿಕೊಂಡು, ‘ಸಾವಿರ ಮಾರು ಆಳ’ ಎಂಬ ಅರ್ಥವುಳ್ಳ ‘ಚಿಹಿರೊ’ ಎಂಬ ಹೆಸರಿನಿಂದ ಆಳವನ್ನು ಕಿತ್ತುಕೊಂಡು, ಹುಡುಗಿಗೆ ಬರೀ ‘ಸಾವಿರ’ವನ್ನು, ಅಂದರೆ ‘ಸೆನ್’ ಎಂಬುದನ್ನು, ಉಳಿಸುತ್ತಾಳೆ. ಹೀಗೆ ಹೆಸರು ಕಳೆದುಕೊಂಡ ಇನ್ನೊಬ್ಬ, ಅವಳಿಗೆ ನೆರವಾಗುವ ‘ಹಾಕು’ ಎಂಬ ಹುಡುಗ. ಅವನು ನಿಜವಾಗಿ ಕೊಹಾಕು ಎಂಬ ನದಿ. ಆ ನದಿಯನ್ನು ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಲಾಗಿದೆ. ನೆಲದ ಮೇಲೆ ನದಿಯೇ ಇಲ್ಲವಾದಾಗ ಅದರ ಹೆಸರು ಅದಕ್ಕೇ ಮರೆತುಹೋಗುವುದು ಸಹಜವಲ್ಲವೇ?

ಹೊಲಸು ನಾರುವ ದೇವತೆಯ ಪಕ್ಕೆಗೆ ನೆಟ್ಟಿದ್ದ ಸೈಕಲ್ಲನ್ನು ಎಲ್ಲರೂ ಹಗ್ಗ ಕಟ್ಟಿ ಎಳೆದಾಗ ಕಸದ ರಾಶಿಯೇ ಹೊರಬಿದ್ದು, ಒಳಗಿನಿಂದ ನದಿದೇವತೆ ನಕ್ಕು ಹಾರಿಹೋಗುವ ದೃಶ್ಯವನ್ನು ನೆನಪಿಸಿಕೊಳ್ಳಿ. ಮನೆಯ ಬಳಿಯ ನದಿಯನ್ನು ಸ್ವಚ್ಛಗೊಳಿಸುವಾಗ ಸೈಕಲ್ ಎಳೆದು ತೆಗೆದ ಸ್ವಂತ ಅನುಭವದಿಂದ ಅದು ಹುಟ್ಟಿತೆಂದು ಮಿಯಾಝಾಕಿಯವರೇ ಹೇಳಿದ್ದಾರೆ. ನಾನು ಕೊಪ್ಪಳದವನು. 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹಿರೇಹಳ್ಳದ ಜಾಲಿ, ಹೂಳು ತೆಗೆದದ್ದನ್ನು ಕಂಡಮೇಲೆ ಆ ದೃಶ್ಯ ನನಗೆ ಸಂಕೇತವೆನಿಸದೆ ವರದಿಯೆನಿಸಿತು.

ಇನ್ನೊಮ್ಮೆ ನೋಡುವಾಗ ಬೀಳ್ಕೊಡುವ ಮಾತುಗಳನ್ನು ಗಮನಿಸಿ. ತಾನೂ ತನ್ನ ಲೋಕಕ್ಕೆ ಮರಳುವುದಾಗಿ ಹಾಕು ಚಿಹಿರೊಳಿಗೆ ಮಾತು ಕೊಡುತ್ತಾನೆ. ಮರಳಲು ಅವನಿಗೆ ನದಿ ಎಲ್ಲಿದೆ ಎಂದು ಅವಳೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.