ಹೆಣ್ಣು ಕೊಟ್ಟು ತಂದವರ ಪಂದ್ಯ

ಶಿರಸಿಯ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಕೆನ್ಯಾದ ಗೋರ್ ಮಾಹಿಯಾ ಫುಟ್‌ಬಾಲ್ ಕ್ಲಬ್ಬನ್ನು ಎರಡು ಪುಟ ತುಂಬಾ ಹೊಗಳಿದ್ದೀರಿ. ಅದು ಲುವೋ ಬುಡಕಟ್ಟಿನವರ ಕ್ಲಬ್ ಅಂತ ನೀವೇ ಬರೆದಿದ್ದೀರಿ. ನಮ್ಮ ಕಡೆ ಜಾತಿಗೊಂದು ಕ್ರಿಕೆಟ್ ಟೂರ್ನಮೆಂಟ್ ನೋಡಿ ಬೇಸತ್ತ ನನಗೆ ಇದು ಹಿಡಿಸಲಿಲ್ಲ. ಹೆಸರು ಬದಲಿಸಿಕೊಂಡು ಎಲ್ಲರ ಕ್ಲಬ್ ಆಗಬಾರದೇಕೆ? ಗೆಲ್ಲದಿದ್ದರೂ ಜನ ಹಿಂದೆ ಹೋಗೋದು ಜಾತಿಯ ಮೋಹದಿಂದಲೇ ಅಲ್ವಾ?"

ನಮಸ್ಕಾರ ಸರ್. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಗೋರ್ ಮಾಹಿಯಾ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೆಸರಿನಿಂದಲೇ ಶುರು ಮಾಡೋಣ. ಬದಲಿಸಿ ಅಂದಿದ್ದೀರಿ. ಅಲ್ಲಿನ ಸರ್ಕಾರ ಅದನ್ನು ಮಾಡಿ ನೋಡಿದೆ. 1980ರ ಹೊತ್ತಿಗೆ, ಡೇನಿಯಲ್ ಅರಪ್ ಮೊಯಿ ಅಧ್ಯಕ್ಷರಾಗಿದ್ದಾಗ, ಬುಡಕಟ್ಟಿನ ಹೆಸರಿನ ಸಂಘಗಳು ಬೇಡ ಅಂತ ಆಯಿತು. ಲೂಯ ಅನ್ನೋ ಇನ್ನೊಂದು ಬುಡಕಟ್ಟಿನ ಅಬಲೂಯ ಕ್ಲಬ್ಬು ಎಎಫ್‌ಸಿ ಲೆಪರ್ಡ್ಸ್ ಆಯಿತು, ಲುವೋ ಯೂನಿಯನ್ ಅನ್ನೋ ಕ್ಲಬ್ಬು ಹೋಗಿ ರಿಯೂನಿಯನ್ ಆಯಿತು. ಬೋರ್ಡು ಬದಲಾಯಿತು, ಅಷ್ಟೇ. ಮೈದಾನಕ್ಕೆ ಬರುವವರು ಅವರೇ, ಹಾಡುವ ಹಾಡೂ ಅದೇ. ಇನ್ನು ಗೋರ್ ಮಾಹಿಯಾ ಅನ್ನೋದು ಬುಡಕಟ್ಟಿನ ಹೆಸರೇ ಅಲ್ಲ. ವಿಕ್ಟೋರಿಯಾ ಸರೋವರದ ಕಡೆಯ ಲುವೋ ಕಥೆಗಳಲ್ಲಿ ಬರುವ ಒಬ್ಬ ಮೋಡಿಗಾರ ವೈದ್ಯನ ಹೆಸರು ಅದು. ಬೇಕೆಂದಾಗ ರೂಪ ಬದಲಿಸುತ್ತಿದ್ದ, ಹಿಡಿಯಲು ಬಂದವರ ಕೈಗೆ ಸಿಗುತ್ತಿರಲಿಲ್ಲ ಅಂತ ಅಜ್ಜ ಅಜ್ಜಿಯರು ಹೇಳುತ್ತಿದ್ದ ಕಥೆ. ಎದುರಾಳಿಯ ಕಾಲಿಗೆ ಸಿಗದೆ ಚೆಂಡು ಒಯ್ಯಬೇಕಾದ ತಂಡಕ್ಕೆ ಇದಕ್ಕಿಂತ ಒಳ್ಳೆ ಹೆಸರು ಸಿಗುತ್ತಾ ಹೇಳಿ.

ಈ ಕ್ಲಬ್ ಹುಟ್ಟಿದ್ದು 1968ರಲ್ಲಿ. ಅದಕ್ಕೆ ಎಷ್ಟೋ ಮೊದಲು, 1901ರಲ್ಲೇ, ರೈಲು ಮೊಂಬಾಸಾದಿಂದ ನೈರೋಬಿ ದಾಟಿ ಸರೋವರದ ದಂಡೆ ಮುಟ್ಟಿತ್ತು. ಆಮೇಲೆ ಅದೇ ಹಳಿಯ ಮೇಲೆ ಲುವೋ ಜನ ಕೆಲಸ ಹುಡುಕಿಕೊಂಡು ಪಟ್ಟಣಗಳಿಗೆ ಬಂದರು. ರೈಲ್ವೆಯಲ್ಲಿ, ಬಂದರಿನಲ್ಲಿ, ಸಾಹೇಬರ ಮನೆಗಳಲ್ಲಿ ದುಡಿದರು. ಊರು ಬಿಟ್ಟು ಬಂದವನಿಗೆ ಪಟ್ಟಣದಲ್ಲಿ ಯಾರಿದ್ದಾರೆ? ಅದಕ್ಕೇ ಲುವೋ ಯೂನಿಯನ್ನಿನಂಥ ಸಂಘ ಕಟ್ಟಿಕೊಂಡರು. ಸತ್ತವರನ್ನು ಹುಟ್ಟಿದ ಮಣ್ಣಿನಲ್ಲೇ ಹೂಳಬೇಕು ಅನ್ನುವ ಜನ ಅವರು. ದೂರದ ಊರಿಗೆ ಹೆಣ ಸಾಗಿಸಲು ನಾಲ್ಕು ಜನರ ಕೈ ಬೇಕೇ ಬೇಕು. ಮುಂಬೈಗೆ ಹೋದ ನಮ್ಮವರು ಕಟ್ಟಿಕೊಂಡ ಸಂಘಗಳನ್ನು ನೆನಪಿಸಿಕೊಳ್ಳಿ. ಅದನ್ನು ನಾನು ಜಾತಿಮೋಹ ಅನ್ನಲಾರೆ. ಫುಟ್‌ಬಾಲ್ ತಂಡ ಬೆಳೆದಿದ್ದು ಆ ಮಣ್ಣಿನಲ್ಲೇ.

ನಿಮ್ಮ ಊರಿನ ಜಾತಿ ಟೂರ್ನಮೆಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ, ಆದರೆ ಅದು ದೊಡ್ಡದು. ಅಲ್ಲಿ ಬೇರೆ ಜಾತಿಯ ಹುಡುಗ ಬ್ಯಾಟ್ ಹಿಡಿಯುವ ಹಾಗಿಲ್ಲ. ಇಲ್ಲಿ ಬಾಗಿಲು ತೆರೆದಿದೆ. 2015ರಲ್ಲಿ ಗೋರ್ ಮಾಹಿಯಾ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಾಗ ಕೋಚ್ ಆಗಿದ್ದವರು ಸ್ಕಾಟ್ಲೆಂಡಿನ ಫ್ರಾಂಕ್ ನಟಾಲ್. ಮುಂದಿನ ವರ್ಷಗಳಲ್ಲಿ ಜನ ಹೆಗಲ ಮೇಲೆ ಹೊತ್ತು ಕುಣಿಯುವಂತೆ ಗೋಲು ಹೊಡೆದವರು ರುವಾಂಡಾ ಪರ ಆಡಿದ ಮೆಡ್ಡಿ ಕಗೆರೆ ಮತ್ತು ಜಾಕ್ ಟುಯಿಸೆಂಗೆ. ಹಸಿರು ಅಂಗಿ ಹಾಕಿಕೊಂಡು ಬೆವರು ಸುರಿಸಿದವನು ನಮ್ಮವನು. ಅಷ್ಟೇ ಲೆಕ್ಕ.

ಈಗ ನನಗೆ ತುಂಬಾ ಇಷ್ಟವಾದ ಮಾತಿಗೆ ಬರುತ್ತೇನೆ. ಗೋರ್ ಮಾಹಿಯಾ ಮತ್ತು ಲೆಪರ್ಡ್ಸ್ ನಡುವಿನ ಪಂದ್ಯಕ್ಕೆ ಮಶೆಮೇಜಿ ಡರ್ಬಿ ಅಂತ ಹೆಸರು. ಅಕ್ಕಪಕ್ಕದ ಎದುರಾಳಿ ತಂಡಗಳ ಪಂದ್ಯಕ್ಕೆ ಡರ್ಬಿ ಅನ್ನುತ್ತಾರೆ. ಸ್ವಾಹಿಲಿಯಲ್ಲಿ ಶೆಮೇಜಿ ಅಂದರೆ ಭಾವ, ಮೈದುನ, ನಾದಿನಿ. ಲುವೋ ಮತ್ತು ಲೂಯ ಪಶ್ಚಿಮ ಕೆನ್ಯಾದ ಅಕ್ಕಪಕ್ಕದ ಜನ, ಹೆಣ್ಣು ಕೊಟ್ಟು ತಂದವರು. ಭಾವನನ್ನು ರೇಗಿಸದೆ ಮೈದುನನಿಗೆ ಊಟ ಸೇರುತ್ತಾ? ಆ ಪಂದ್ಯದಲ್ಲೂ ಹಾಗೇ. ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ. ನೀಲಿ ಕಡೆಯವರು ಇಸುಕುಟಿ ಡೋಲುಗಳನ್ನು ಹೊತ್ತು ತರುತ್ತಾರೆ. ಅದರಲ್ಲಿ ದೊಡ್ಡದು, ಮಧ್ಯಮದ್ದು, ಚಿಕ್ಕದು ಅಂತ ಮೂರು ಡೋಲು. ಮೂರೂ ಒಟ್ಟಿಗೆ ಬಾರಿಸಿದರೇನೇ ಅದಕ್ಕೆ ಕಳೆ. ಮದುವೆಯಲ್ಲೂ ಅದೇ ಡೋಲು, ಸಾವಿನಲ್ಲೂ ಅದೇ, ಫುಟ್‌ಬಾಲ್ ಸ್ಟ್ಯಾಂಡಿನಲ್ಲೂ ಅದೇ.

ಹಾಗಂತ ಎಲ್ಲವೂ ಚಂದ ಅಂತ ನಾನು ಹೇಳುತ್ತಿಲ್ಲ. 2012ರ ಮಾರ್ಚ್‌ನಲ್ಲಿ ನ್ಯಾಯೋ ಸ್ಟೇಡಿಯಮ್ಮಿನಲ್ಲಿ ಇದೇ ಡರ್ಬಿ ನಡೆಯುವಾಗ ಗೋರ್ ಮಾಹಿಯಾದ ಒಬ್ಬ ಆಟಗಾರನಿಗೆ ರೆಡ್ ಕಾರ್ಡ್ ಸಿಕ್ಕಿತು. ಅಭಿಮಾನಿಗಳು ಕುರ್ಚಿ ಕಿತ್ತರು, ಆಟ ನಿಂತಿತು, ಜನ ಗಾಯಗೊಂಡರು. ಅದು ತಪ್ಪು. ಯಾವ ಪ್ರೀತಿಯ ಹೆಸರಲ್ಲೂ ಅದನ್ನು ಸಮರ್ಥಿಸೋಕೆ ಆಗಲ್ಲ. ಹೋದ ಸಲದ ಲೇಖನದಲ್ಲಿ ಇದನ್ನು ನಾವು ಬರೆಯಬೇಕಿತ್ತು, ಬರೆಯಲಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಪತ್ರ ನ್ಯಾಯವಾದದ್ದು.

ದುಡ್ಡಿನ ಕಷ್ಟವೂ ಇದೆ. ಕೆನ್ಯಾ ಲೀಗಿನಲ್ಲಿ ಟಸ್ಕರ್ ಬಿಯರ್ ಕಂಪನಿಯದ್ದು, ಉಲಿಂಜಿ ಸೈನ್ಯದ್ದು, ಬಂದಾರಿ ಬಂದರಿನದ್ದು. ಸ್ವಾಹಿಲಿಯ ಬಂದಾರಿ ಅಂದರೆ ನಮ್ಮ ಬಂದರೇ. ಇವರಿಗೆಲ್ಲ ಸಂಬಳಕ್ಕೆ ಬೆನ್ನ ಹಿಂದೆ ಯಾರೋ ಇದ್ದಾರೆ. ಗೋರ್ ಮಾಹಿಯಾಗೆ ಇರುವುದು ಜನ ಮಾತ್ರ. 2019ರಲ್ಲಿ ದೊಡ್ಡ ಪ್ರಾಯೋಜಕರು ಕೈಬಿಟ್ಟ ಮೇಲೆ ಆಟಗಾರರು ತಿಂಗಳುಗಟ್ಟಲೆ ಸಂಬಳ ಇಲ್ಲದೆ ಆಡಿದರು. ಆದರೂ ಸ್ಟೇಡಿಯಂ ತುಂಬಿಸುವವರು ಯಾರು ಅಂತ ಕೇಳಿದರೆ ಉತ್ತರ ಒಂದೇ.

ಗೆಲ್ಲದಿದ್ದರೂ ಹಿಂದೆ ಹೋಗುತ್ತಾರೆ ಅಂದಿದ್ದೀರಲ್ಲ, ಗೆದ್ದಿದ್ದನ್ನೂ ಕೇಳಿ. 1979ರಲ್ಲಿ ಆಫ್ರಿಕಾದ ಕಪ್ ವಿನ್ನರ್ಸ್ ಕಪ್ ಫೈನಲ್ಲಿಗೆ ಹೋಗಿ, ಕ್ಯಾಮರೂನಿನ ಕೆನನ್ ಯಾವುಂಡೆ ಎದುರು ಎರಡು ಪಂದ್ಯ ಸೇರಿ 8-0 ಅಂತರದಲ್ಲಿ ಸೋತು ಬಂದರು. ಎಂಟು ವರ್ಷ ಬಿಟ್ಟು, 1987ರಲ್ಲಿ, ಅದೇ ಕಪ್ಪಿನ ಫೈನಲ್. ಈ ಸಲ ಎದುರಿಗೆ ಟುನೀಶಿಯಾದ ಎಸ್ಪೆರಾನ್ಸ್. ಅವರ ನೆಲದಲ್ಲಿ 2-2, ನೈರೋಬಿಯಲ್ಲಿ 1-1. ಒಟ್ಟು ಲೆಕ್ಕ ಸಮ. ಅಂಥಾಗ ಹೊರಗಿನ ನೆಲದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದಂತೆ; ಇವರು ಅಲ್ಲಿ ಎರಡು ಗೋಲು ಹೊಡೆದಿದ್ದರಿಂದ ಕಪ್ಪು ಇವರದ್ದಾಯಿತು. ಬೇರೆ ಯಾವ ಕೆನ್ಯಾ ಕ್ಲಬ್ಬೂ ಆಫ್ರಿಕಾ ಖಂಡದ ಕಪ್ ಗೆದ್ದಿಲ್ಲ. ಆ ತಂಡದ ನಾಯಕ ಆಸ್ಟಿನ್ ಒಡುವೋರ್. 2019ರ ಚಾಂಪಿಯನ್ಸ್ ಲೀಗ್ ಫೈನಲ್ಲಿನಲ್ಲಿ ಲಿವರ್‌ಪೂಲ್ ಪರ ಎರಡನೇ ಗೋಲು ಹೊಡೆದ ಡಿವಾಕ್ ಒರಿಗಿಯನ್ನು ನೀವು ರಾತ್ರಿ ನಿದ್ದೆಗೆಟ್ಟು ನೋಡಿರಬಹುದು. ಒಡುವೋರ್ ಅವನ ದೊಡ್ಡಪ್ಪ-ಚಿಕ್ಕಪ್ಪಂದಿರಲ್ಲಿ ಒಬ್ಬರು.

ಆಮೇಲೆ ಬರಗಾಲವೂ ಬಂತು. 1995ರಲ್ಲಿ ಲೀಗ್ ಗೆದ್ದವರು ಮತ್ತೆ ಗೆಲ್ಲಲು 2013ರ ತನಕ ಕಾದರು. ಹದಿನೆಂಟು ವರ್ಷ ಸರ್. ಆಗ ಹುಟ್ಟಿದ ಮಗು ಓಟು ಹಾಕುವಷ್ಟು ದೊಡ್ಡದಾಗಿರುತ್ತದೆ. ಲೆಪರ್ಡ್ಸ್ ಕಥೆ ಇನ್ನೂ ಕಷ್ಟದ್ದು. 1998ರಲ್ಲಿ ಲೀಗ್ ಗೆದ್ದ ಮೇಲೆ ಅವರು ಕಾದಿದ್ದು ಇದಕ್ಕಿಂತಲೂ ಜಾಸ್ತಿ. ಆದರೂ ಡರ್ಬಿ ದಿನ ಆ ಮೂರು ಡೋಲು ಹೊತ್ತುಕೊಂಡು ಬರುವುದನ್ನು ಬಿಟ್ಟಿಲ್ಲ. ಮುಂದಿನ ಸಂಚಿಕೆಯ ಎರಡು ಪುಟವನ್ನು ಅವರಿಗೇ ಇಟ್ಟಿದ್ದೇನೆ. ಓದಿ, ಮತ್ತೆ ಬರೆಯಿರಿ.

ಸಂಪಾದಕ