ನಿವೃತ್ತಿ ನಿಧಿಗೆ ಸಂಬಳದಿಂದಲೇ ಕಟ್ಟುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿದ್ದೇನೆ. ಪಿಎಫ್‌ಗೆ ಕಂಪನಿ ಕಟ್ಟುವ ಪಾಲನ್ನು ಬಿಟ್ಟು ವಾರ್ಷಿಕ ಸಂಬಳ 19 ಲಕ್ಷ ರೂಪಾಯಿ. ತಿಂಗಳ ಮೂಲವೇತನ 70,000 ರೂಪಾಯಿ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದೇನೆ. ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ನಾನೇ ವರ್ಷಕ್ಕೆ 50,000 ರೂಪಾಯಿ ಕಟ್ಟುತ್ತಿದ್ದರೂ ತೆರಿಗೆ ಒಂದು ರೂಪಾಯಿಯೂ ಇಳಿದಿಲ್ಲ. ಈಗ ಕಚೇರಿಯವರು ಕಾರ್ಪೊರೇಟ್ ಎನ್‌ಪಿಎಸ್ ಸೇರಲು ಹೇಳುತ್ತಿದ್ದಾರೆ. ಸೇರಬಹುದೇ? ಐದು ವರ್ಷದಲ್ಲಿ ಮಗಳು ಕಾಲೇಜಿಗೆ ಬರುತ್ತಾಳೆ.

ಉತ್ತರ: ಹಣ ಸೇರುವ ಖಾತೆ ಒಂದೇ ಆದರೂ ಅದನ್ನು ಯಾರು ಕಟ್ಟಿದರು ಎಂಬುದನ್ನು ಆದಾಯ ತೆರಿಗೆ ಕಾನೂನು ನೋಡುತ್ತದೆ. ಸಂಬಳ ಕೈಗೆ ಬಂದ ಮೇಲೆ ನೀವು ಕಟ್ಟಿದ 50,000 ರೂಪಾಯಿಗೆ ಹಳೆಯ ಪದ್ಧತಿಯಲ್ಲಿ ಮಾತ್ರ ವಿನಾಯಿತಿ ಇದೆ. ಅದೇ ಹಣವನ್ನು ಕಂಪನಿ ತನ್ನ ಪಾಲಾಗಿ ಕಟ್ಟಿದರೆ (ಕಾರ್ಪೊರೇಟ್ ಎನ್‌ಪಿಎಸ್‌ನಲ್ಲಿ ಆಗುವುದು ಇದೇ), ಹೊಸ ಪದ್ಧತಿಯಲ್ಲಿಯೂ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ನಿಮ್ಮ ಆದಾಯದಿಂದ ಕಳೆಯಬಹುದು. ಖಾಸಗಿ ನೌಕರರಿಗೆ ಶೇ 10 ಇದ್ದ ಈ ಮಿತಿಯನ್ನು 2024ರ ಜುಲೈ ಬಜೆಟ್ ಹೊಸ ಪದ್ಧತಿಯವರಿಗಾಗಿ ಏರಿಸಿತು.

ನಿಮ್ಮ ಲೆಕ್ಕದಲ್ಲಿ ಶೇ 14 ಎಂದರೆ ತಿಂಗಳಿಗೆ 9,800, ವರ್ಷಕ್ಕೆ 1,17,600 ರೂಪಾಯಿ. ಸಂಬಳದಾರರಿಗೆಲ್ಲ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ ನಿಮ್ಮ ಆದಾಯ 2025-26ರ ದರಗಳ ಶೇ 20ರ ಹಂತದಲ್ಲೇ ಇರುವುದರಿಂದ, ಶೇ 4ರ ಸೆಸ್ ಸೇರಿ ಉಳಿಯುವ ತೆರಿಗೆ ಸುಮಾರು 24,460 ರೂಪಾಯಿ. ಅಂದರೆ ಖಾತೆಗೆ ತಿಂಗಳಿಗೆ 9,800 ರೂಪಾಯಿ ಸೇರಿದರೂ ಕೈಗೆ ಬರುವ ಸಂಬಳದಲ್ಲಿ ಕಡಿಮೆಯಾಗುವುದು ಸುಮಾರು 7,760 ರೂಪಾಯಿ. ಕಚೇರಿಯ ಸುತ್ತೋಲೆಗಳಲ್ಲಿ ಇದನ್ನು ‘ಕಂಪನಿಯ ಕೊಡುಗೆ’ ಎಂದು ಬರೆಯುವುದುಂಟು. ಆದರೆ ಸಾಮಾನ್ಯವಾಗಿ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಅಷ್ಟೇ ಇರುತ್ತದೆ. ಪೇ ಸ್ಲಿಪ್ ತೆರೆದು ನೋಡಿದರೆ ಸ್ಪೆಷಲ್ ಅಲೊವೆನ್ಸ್ ಸಾಲಿನಲ್ಲಿ ಅಷ್ಟೇ ಮೊತ್ತ ಇಳಿದಿರುತ್ತದೆ. ದುಡ್ಡು ನಿಮ್ಮದೇ, ದಾರಿ ಮಾತ್ರ ಬೇರೆ.

ಈ ದಾರಿಯಲ್ಲಿ ಒಂದು ತೊಡಕಿದೆ, ಮಗಳ ಓದಿನ ಮಾತೆತ್ತಿದ್ದರಿಂದ ಅದನ್ನು ಬಿಡಿಸಿ ಹೇಳಬೇಕು. ಮಕ್ಕಳ ಉನ್ನತ ಶಿಕ್ಷಣಕ್ಕೆಂದು ಎನ್‌ಪಿಎಸ್‌ನಿಂದ ನಡುವೆ ತೆಗೆಯಬಹುದಾದದ್ದು ಚಂದಾದಾರರು ಸ್ವತಃ ಕಟ್ಟಿದ ಹಣದ ಶೇ 25ರಷ್ಟು ಮಾತ್ರ. ಕಂಪನಿಯ ಪಾಲು ಎಂದು ಜಮೆಯಾದದ್ದು, ಮೂಲತಃ ನಿಮ್ಮ ಸಂಬಳದ್ದೇ ಆಗಿದ್ದರೂ, ಆ ಲೆಕ್ಕಕ್ಕೆ ಬರುವುದಿಲ್ಲ. ನಿವೃತ್ತಿಯ ಹೊತ್ತಿನಲ್ಲಿಯೂ ಸಾಮಾನ್ಯವಾಗಿ ಒಂದು ಪಾಲಿನಿಂದ ಪಿಂಚಣಿ ಕೊಡುವ ಆನ್ಯುಟಿಯನ್ನು ಕೊಳ್ಳಬೇಕು, ಮತ್ತು ಆ ಪಿಂಚಣಿಗೆ ಆಗಿನ ದರದಲ್ಲಿ ತೆರಿಗೆ ಉಂಟು. ಆದ್ದರಿಂದ ಕಾಲೇಜು ಶುಲ್ಕವನ್ನು ಬೇರೆಡೆ ಕೂಡಿಡುತ್ತಿದ್ದರೆ ಪೂರ್ತಿ ಶೇ 14ಕ್ಕೆ ಒಪ್ಪಿರಿ. ಇಲ್ಲವಾದರೆ ಶೇ 7, ಅಂದರೆ ತಿಂಗಳಿಗೆ 4,900 ರೂಪಾಯಿ, ಸಾಕು ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಕಂಪನಿಗಳು ಈ ಪ್ರಮಾಣವನ್ನು ವರ್ಷದ ನಡುವೆ ಬದಲಿಸಲು ಬಿಡುವುದಿಲ್ಲವಾದ್ದರಿಂದ ಸಹಿ ಹಾಕುವ ಮೊದಲೇ ಅದನ್ನು ಕೇಳಿಕೊಳ್ಳಿ. ನಿಮ್ಮ ಎನ್‌ಪಿಎಸ್ ಖಾತೆಗೆ ಈಗಿರುವ ಪ್ರಾನ್ ಸಂಖ್ಯೆಯನ್ನೇ ಕೊಡಿ, ಹೊಸದು ಬೇಡ.

ಪ್ರಶ್ನೆ: ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. ವಿಪಿಎಫ್‌ಗೆ (ಪಿಎಫ್‌ಗೆ ನಾನಾಗಿ ಕಟ್ಟುವ ಹೆಚ್ಚುವರಿ ಹಣ) ಸಂಬಳದಲ್ಲೇ ತಿಂಗಳಿಗೆ 5,000 ರೂಪಾಯಿ ಹಿಡಿಯುತ್ತಾರೆ. ಇದೂ ತೆರಿಗೆಗೆ ಮೊದಲಿನ ಕಡಿತವಲ್ಲವೇ?

ಉತ್ತರ: ಅಲ್ಲ. ಸಂಬಳದಲ್ಲೇ ಹಿಡಿದರೂ ಅದು ನೌಕರರ ಪಾಲು. ಅದಕ್ಕೆ ತೆರಿಗೆ ವಿನಾಯಿತಿ ಹಳೆಯ ಪದ್ಧತಿಯಲ್ಲಷ್ಟೇ ಸಿಗುತ್ತದೆ. ಆದರೆ ಪಿಎಫ್ ಮತ್ತು ವಿಪಿಎಫ್ ಸೇರಿ ನಿಮ್ಮ ವಾರ್ಷಿಕ ಕಂತು 2.5 ಲಕ್ಷ ರೂಪಾಯಿ ಮೀರದಿದ್ದರೆ ಬಡ್ಡಿಗೆ ತೆರಿಗೆಯಿಲ್ಲ, ಆ ಒಂದು ಕಾರಣಕ್ಕಾದರೂ ನಿಲ್ಲಿಸಬೇಡಿ.